ಕಂಪ್ಯೂಟರ್ ಜೋಡಣೆಯ ವಿವರಗಳನ್ನು ತಯಾರಕರು ಏಕೆ ಮುಚ್ಚಿಡುತ್ತಾರೆ?

ಪ್ರಶ್ನೆ: ಕುತೂಹಲಿ

ಎಲ್ಲರಿಗೂ ನಮಸ್ಕಾರ.

ಕೆಟ್ಟು ಮೂಲೆ ಸೇರಿದ್ದ ಲ್ಯಾಪ್‌ಟಾಪ್ ಒಂದನ್ನು ಕಳೆದ ವಾರ ಪೂರ್ತಿಯಾಗಿ ಬಿಚ್ಚಿದೆ. ಹಿಂಬದಿಯ ಮುಚ್ಚಳ, ಬ್ಯಾಟರಿ, ಫ್ಯಾನ್, ಶಾಖವನ್ನು ಸಾಗಿಸುವ ತಾಮ್ರದ ಕೊಳವೆ, ಕೀಬೋರ್ಡ್ ಇವೆಲ್ಲ ಒಂದೊಂದಾಗಿ ಕೈಗೆ ಬಂದವು. ಯಾವುದು ಯಾವುದಕ್ಕೆ ಸೇರಿತ್ತು ಎಂಬುದೂ ಅರ್ಥವಾಯಿತು. ಆದರೆ ಮದರ್‌ಬೋರ್ಡನ್ನು ಭೂತಕನ್ನಡಿಯ ಕೆಳಗೆ ಹಿಡಿದಾಗ ನನ್ನ ತಿಳಿವಳಿಕೆ ಅಲ್ಲಿಗೇ ನಿಂತುಹೋಯಿತು. ಎಳ್ಳುಕಾಳಿಗಿಂತ ಚಿಕ್ಕದಾದ ನೂರಾರು ಬಿಡಿಭಾಗಗಳು ಒಂದಿಷ್ಟೂ ವಾರೆಯಾಗದೆ ಸಾಲಾಗಿ ಕೂತಿವೆ. ದೊಡ್ಡ ಚಿಪ್‌ಗಳಿಗಂತೂ ಬೆಸುಗೆ ಎಲ್ಲಿದೆ ಎಂಬುದೇ ಹೊರಗಿನಿಂದ ಕಾಣುವುದಿಲ್ಲ.

ಇದನ್ನು ಯಾವ ಕ್ರಮದಲ್ಲಿ, ಯಾವ ಯಂತ್ರದಿಂದ, ಎಷ್ಟು ಬಿಸಿಯಲ್ಲಿ ಮಾಡುತ್ತಾರೆ ಎಂದು ಹುಡುಕಿದರೆ ತಯಾರಕರ ಜಾಲತಾಣದಲ್ಲಿ ಸಿಕ್ಕಿದ್ದು ಒಂದು ನಿಮಿಷದ ಜಾಹೀರಾತು ವಿಡಿಯೊ ಮಾತ್ರ. ಯಂತ್ರದ ತೋಳೊಂದು ಅತ್ತಿತ್ತ ಓಡಾಡುತ್ತದೆ, ಬಿಳಿ ಕೋಟು ತೊಟ್ಟವರೊಬ್ಬರು ತಲೆದೂಗುತ್ತಾರೆ, ಅಷ್ಟಕ್ಕೆ ಮುಗಿಯಿತು. ಕಂಪನಿಗೆ ಪತ್ರ ಬರೆದು ಕೇಳಿದ್ದಕ್ಕೆ, ಕೇಳಿದ ಮಾಹಿತಿ ಗೌಪ್ಯವಾದದ್ದು ಎಂಬ ಒಂದೇ ಸಾಲಿನ ಉತ್ತರ ಬಂತು.

ಇದು ನಕಲಿನ ಭಯವೇ, ಅಥವಾ ನಾವು ನೋಡಬಾರದ ಬೇರೇನಾದರೂ ಅಲ್ಲಿ ಇದೆಯೇ? ಲಕ್ಷಾಂತರ ಜನರು ಹಣ ಕೊಟ್ಟು ಕೊಂಡು, ದಿನವಿಡೀ ಬಳಸುವ ವಸ್ತುವೊಂದು ಹೇಗೆ ತಯಾರಾಯಿತು ಎಂದು ತಿಳಿಯುವ ಹಕ್ಕು ಅವರಿಗೆ ಇಲ್ಲವೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಲೈನ್ ಇಂಜಿನಿಯರ್

ಕುತೂಹಲಿ ಅವರೇ, ಮದರ್‌ಬೋರ್ಡ್ ಜೋಡಣೆಯ ಲೈನಿನಲ್ಲಿ ನಾನು ಹನ್ನೊಂದು ವರ್ಷ ಪ್ರೊಸೆಸ್ ಇಂಜಿನಿಯರ್ ಆಗಿದ್ದೆ. ಅಂದು ಸಹಿ ಹಾಕಿದ ಗೌಪ್ಯತಾ ಒಪ್ಪಂದ ಇಂದಿಗೂ ಜಾರಿಯಲ್ಲಿರುವುದರಿಂದ ಯಾವ ಕಾರ್ಖಾನೆ, ಯಾರ ಬೋರ್ಡು ಎಂಬುದನ್ನು ಹೇಳಲಾರೆ. ವಿಧಾನವನ್ನು ಮಾತ್ರ ಧಾರಾಳವಾಗಿ ಹೇಳಬಲ್ಲೆ, ಏಕೆಂದರೆ ವಿಧಾನ ಗುಟ್ಟೇ ಅಲ್ಲ.

ಮೊದಲು ಖಾಲಿ ಬೋರ್ಡಿನ ಮೇಲೆ ಸುಮಾರು 0.1 ಮಿಲಿಮೀಟರ್ ದಪ್ಪದ ಸ್ಟೀಲ್ ಸ್ಟೆನ್ಸಿಲ್ ಬಂದು ಕೂರುತ್ತದೆ. ಬೆಸುಗೆ ಬೇಕಾದ ಕಡೆಯಲ್ಲೆಲ್ಲ ಅದರಲ್ಲಿ ಕಿಂಡಿಗಳಿರುತ್ತವೆ. ತವರದ ಮಿಶ್ರಲೋಹದ ಅತಿ ಸಣ್ಣ ಗುಂಡುಗಳನ್ನು ಲೋಹದ ಮೇಲ್ಮೈಯನ್ನು ಶುಚಿಗೊಳಿಸಿ ಬೆಸುಗೆ ಹಿಡಿಸುವ ಫ್ಲಕ್ಸಿನಲ್ಲಿ ಕಲಸಿದ ಬೂದು ಬಣ್ಣದ ಸೋಲ್ಡರ್ ಪೇಸ್ಟನ್ನು ಲೋಹದ ಪಟ್ಟಿಯೊಂದು ಸ್ಟೆನ್ಸಿಲ್ ಮೇಲೆ ಒಮ್ಮೆ ಬಳಿದು ಸಾಗುತ್ತದೆ. ಸ್ಟೆನ್ಸಿಲ್ ಮೇಲೆದ್ದಾಗ ಬೋರ್ಡಿನ ಮೇಲೆ ಸಾವಿರಾರು ಪುಟ್ಟ ಇಟ್ಟಿಗೆಗಳಂತೆ ಪೇಸ್ಟ್ ನಿಂತಿರುತ್ತದೆ. ಬಳಿಕ ಪಿಕ್ ಅಂಡ್ ಪ್ಲೇಸ್ ಯಂತ್ರಗಳು ರೀಲಿನಲ್ಲಿ ಸುತ್ತಿಟ್ಟ ಬಿಡಿಭಾಗಗಳನ್ನು ಗಾಳಿಯ ಹೀರುವಿಕೆಯಿಂದ ಎತ್ತಿ, ಕ್ಯಾಮೆರಾದ ಕಣ್ಣಿಗೆ ಹಿಡಿದು ಓರೆಕೋರೆ ಸರಿಪಡಿಸಿ, ಆ ಪೇಸ್ಟಿನ ಮೇಲೆ ಕೂರಿಸುತ್ತವೆ. ವೇಗದ ಯಂತ್ರವೊಂದು ಗಂಟೆಗೆ ಹತ್ತಾರು ಸಾವಿರ ಬಿಡಿಭಾಗಗಳನ್ನು ಕೂರಿಸುತ್ತದೆ. ಇಂದು ಬಳಕೆಯಲ್ಲಿರುವ ಅತಿ ಸಣ್ಣ ಗಾತ್ರಗಳಲ್ಲೊಂದು 0.4 ಮಿಲಿಮೀಟರ್ ಉದ್ದ, 0.2 ಮಿಲಿಮೀಟರ್ ಅಗಲದ್ದು. ಆಮೇಲೆ ಬೋರ್ಡು ಪೇಸ್ಟನ್ನು ಕರಗಿಸುವ ಉದ್ದನೆಯ ರೀಫ್ಲೋ ಓವನ್ನಿನೊಳಗೆ ಸರಪಳಿಯ ಮೇಲೆ ಸಾಗುತ್ತದೆ. ಸೀಸವಿಲ್ಲದ ಬೆಸುಗೆಯಲ್ಲಿ ಹೆಚ್ಚು ಬಳಕೆಯಾಗುವ ಮಿಶ್ರಣದಲ್ಲಿ ಶೇಕಡಾ 96.5 ತವರ, 3 ಬೆಳ್ಳಿ, 0.5 ತಾಮ್ರ ಇರುತ್ತದೆ. ಅದು ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ; ಓವನ್ನಿನ ಗರಿಷ್ಠ ಹಂತದಲ್ಲಿ ಬೋರ್ಡಿನ ತಾಪವನ್ನು 240ರ ಆಸುಪಾಸಿಗೆ ಒಯ್ಯುತ್ತೇವೆ. ಹೊರಬಂದ ಬೋರ್ಡನ್ನು ಕ್ಯಾಮೆರಾ ಪರೀಕ್ಷಿಸುತ್ತದೆ. ತಾವು ಕಾಣಲಾಗದೆ ಹೋದ ಬೆಸುಗೆಗಳು ಚಿಪ್‌ನ ಹೊಟ್ಟೆಯ ಕೆಳಗೆ ಗುಂಡುಗಳ ರೂಪದಲ್ಲಿರುತ್ತವೆ. ಅವನ್ನು ಎಕ್ಸ್-ರೇಯಲ್ಲಿ ನೋಡುತ್ತಾರೆ.

ಇವೆಲ್ಲವೂ ಪಠ್ಯಪುಸ್ತಕಗಳಲ್ಲಿವೆ. ಒಂದು ಬೆಸುಗೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಐಪಿಸಿ-ಎ-610 ಮಾನದಂಡವನ್ನು ಯಾರು ಬೇಕಾದರೂ ಹಣ ಕೊಟ್ಟು ಕೊಳ್ಳಬಹುದು. ಹಾಗಾದರೆ ಗುಟ್ಟು ಎಲ್ಲಿದೆ? ಅಂಕಿಗಳಲ್ಲಿದೆ.

ಒಂದು ಬೋರ್ಡಿನಲ್ಲಿ 5,000 ಬೆಸುಗೆಗಳಿವೆ ಎಂದುಕೊಳ್ಳಿ. ಪ್ರತಿಯೊಂದು ಬೆಸುಗೆಯೂ ಸರಿಯಾಗುವ ಸಾಧ್ಯತೆ ಶೇಕಡಾ 99.99 ಎಂದರೆ ಕೇಳಲು ಬಹಳ ಚೆನ್ನಾಗಿದೆ. ಆದರೆ ಲೆಕ್ಕ ಹಾಕಿದರೆ ಒಂದೂ ದೋಷವಿಲ್ಲದೆ ಹೊರಬರುವ ಬೋರ್ಡುಗಳು ನೂರಕ್ಕೆ 61 ಮಾತ್ರ. ಅದೇ 99.999ಕ್ಕೆ ಏರಿದರೆ ನೂರಕ್ಕೆ 95 ಬೋರ್ಡುಗಳು ಸರಿಯಾಗಿ ಬರುತ್ತವೆ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ಕಾರ್ಖಾನೆಯ ಲಾಭ ನಷ್ಟ ತೀರ್ಮಾನವಾಗುತ್ತದೆ. ಯಾವ ಕಿಂಡಿಯನ್ನು ಎಷ್ಟು ಕಿರಿದಾಗಿಸಬೇಕು, ಓವನ್ನಿನ ಯಾವ ವಲಯದಲ್ಲಿ ಎಷ್ಟು ಸೆಕೆಂಡು ನಿಲ್ಲಿಸಬೇಕು, ಯಾವ ಪೂರೈಕೆದಾರರ ಬೋರ್ಡು ಬಿಸಿಗೆ ಎಷ್ಟು ಬಾಗುತ್ತದೆ ಎಂಬುದನ್ನು ಕಂಡುಕೊಳ್ಳಲು ತಿಂಗಳುಗಟ್ಟಲೆ ಹಾಳಾದ ಬೋರ್ಡುಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ನನ್ನನ್ನು ಅತ್ಯಂತ ಹೆಚ್ಚು ಕಾಡಿದ ದೋಷದ ಹೆಸರು ಹೆಡ್ ಇನ್ ಪಿಲ್ಲೋ. ಬಿಸಿಯಲ್ಲಿ ಚಿಪ್ ಒಂದಿಷ್ಟು ಬಾಗಿ ಮೇಲೆದ್ದು, ಮತ್ತೆ ಕೆಳಗಿಳಿಯುವಷ್ಟರಲ್ಲಿ ಪೇಸ್ಟಿನ ಮೇಲ್ಮೈ ಕೆಟ್ಟಿರುತ್ತದೆ; ಬೆಸುಗೆಯ ಗುಂಡು ದಿಂಬಿನ ಮೇಲೆ ತಲೆಯಿಟ್ಟಂತೆ ಪೇಸ್ಟಿಗೆ ತಾಗಿಕೊಂಡು ಕೂರುತ್ತದೆಯೇ ಹೊರತು ಅದರೊಂದಿಗೆ ಒಂದಾಗುವುದಿಲ್ಲ. ತಾಗಿರುವ ಕಾರಣ ಕಾರ್ಖಾನೆಯ ಪರೀಕ್ಷೆಯಲ್ಲಿ ವಿದ್ಯುತ್ ಹರಿಯುತ್ತದೆ, ಬೋರ್ಡು ಪಾಸಾಗುತ್ತದೆ. ಕೆಲವು ತಿಂಗಳ ನಂತರ ಬಳಸುವವರ ಮನೆಯಲ್ಲಿ ಕೈಕೊಡುತ್ತದೆ. ಇದನ್ನು ತಡೆಯುವ ಹದವನ್ನು ಕಂಡುಕೊಂಡ ಕಾರ್ಖಾನೆ ಆ ಹದವನ್ನು ಪಕ್ಕದ ಕಾರ್ಖಾನೆಗೆ ಏಕೆ ಹೇಳಿಕೊಟ್ಟೀತು?

ಇನ್ನೊಂದು ಕಾರಣ ಹೊರಗಿನವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಲ್ಯಾಪ್‌ಟಾಪಿನ ಮೇಲೆ ಹೆಸರು ಇರುವ ಕಂಪನಿ ಬಹುತೇಕ ಅದನ್ನು ತಾನೇ ಜೋಡಿಸಿರುವುದಿಲ್ಲ. ಕ್ವಾಂಟಾ, ಕಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್, ಪೆಗಾಟ್ರಾನ್, ಫಾಕ್ಸ್‌ಕಾನ್ ಮೊದಲಾದ ಗುತ್ತಿಗೆ ತಯಾರಕರು ಒಬ್ಬರಿಗೊಬ್ಬರು ಸ್ಪರ್ಧಿಗಳಾದ ಹಲವು ಬ್ರ್ಯಾಂಡುಗಳಿಗೆ ಕೆಲಸ ಮಾಡಿಕೊಡುತ್ತಾರೆ. ಒಬ್ಬ ಗ್ರಾಹಕರ ಮುಂದಿನ ವರ್ಷದ ಮಾದರಿ ಇನ್ನೊಬ್ಬರ ಪ್ರತಿನಿಧಿಯ ಕಣ್ಣಿಗೆ ಬಿದ್ದರೆ ಗುತ್ತಿಗೆಯೇ ಕೈತಪ್ಪಬಹುದು. ನಮ್ಮಲ್ಲಿ ಭೇಟಿಗೆ ಬಂದವರ ಫೋನಿನ ಕ್ಯಾಮೆರಾಗೆ ಬಾಗಿಲಲ್ಲೇ ಸ್ಟಿಕ್ಕರ್ ಅಂಟಿಸುತ್ತಿದ್ದರು, ಅವರು ನಡೆದುಹೋಗುವ ದಾರಿಯಲ್ಲಿದ್ದ ಬೋರ್ಡುಗಳ ತಟ್ಟೆಗಳಿಗೆ ಬಟ್ಟೆ ಹೊದಿಸುತ್ತಿದ್ದರು. ಈ ಭಯ ಬರೀ ಕಲ್ಪನೆಯೂ ಅಲ್ಲ. 2021ರ ಏಪ್ರಿಲ್‌ನಲ್ಲಿ ಕ್ವಾಂಟಾದ ಕಂಪ್ಯೂಟರುಗಳಿಗೆ ನುಗ್ಗಿದ ಸುಲಿಗೆಕೋರರು ಆಪಲ್ ಲ್ಯಾಪ್‌ಟಾಪ್‌ಗಳ ನಕ್ಷೆಗಳನ್ನು ಕದ್ದು 5 ಕೋಟಿ ಡಾಲರ್ ಕೇಳಿದರು; ಆಪಲ್ ಹೊಸ ಉತ್ಪನ್ನಗಳನ್ನು ಬಿಡುಗಡೆ ಮಾಡಿದ ದಿನವೇ ಕೆಲವು ನಕ್ಷೆಗಳನ್ನು ಹೊರಹಾಕಿದರು.

ಉತ್ತರ: ಹಳೆಯ ಕಡತ

ಲೈನ್ ಇಂಜಿನಿಯರ್ ಅವರು ಹೇಳಿದ್ದಕ್ಕೆ ಕಾನೂನಿನ ಮತ್ತು ಚರಿತ್ರೆಯ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಹೊಸ ವಿಧಾನವೊಂದನ್ನು ಕಂಡುಹಿಡಿದವರ ಮುಂದೆ ಎರಡು ದಾರಿಗಳಿವೆ. ಪೇಟೆಂಟ್ ಪಡೆದರೆ ಸಾಮಾನ್ಯವಾಗಿ 20 ವರ್ಷಗಳ ರಕ್ಷಣೆ ಸಿಗುತ್ತದೆ, ಆದರೆ ವಿಧಾನವನ್ನು ಎಲ್ಲರೂ ಓದುವಂತೆ ಬರೆದುಕೊಡಬೇಕು. ವ್ಯಾಪಾರ ರಹಸ್ಯವಾಗಿ ಇಟ್ಟುಕೊಂಡರೆ ಅವಧಿಯ ಮಿತಿಯಿಲ್ಲ, ಆದರೆ ಗುಟ್ಟು ಒಮ್ಮೆ ಬಯಲಾದರೆ ರಕ್ಷಣೆಯೂ ಅಲ್ಲಿಗೆ ಮುಗಿಯಿತು. ಓವನ್ನಿನ ತಾಪದ ಹದದಂಥದ್ದನ್ನು ಎದುರಾಳಿ ತನ್ನ ಕಾರ್ಖಾನೆಯೊಳಗೆ ಬಳಸಿದರೆ ಪತ್ತೆಹಚ್ಚುವುದೇ ಕಷ್ಟವಾದ್ದರಿಂದ ತಯಾರಕರು ಸಹಜವಾಗಿ ಎರಡನೆಯ ದಾರಿಯನ್ನೇ ಹಿಡಿಯುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. 1995ರಲ್ಲಿ ಜಾರಿಗೆ ಬಂದ, ಬೌದ್ಧಿಕ ಆಸ್ತಿಯ ಕುರಿತ ಟ್ರಿಪ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ 39ನೇ ವಿಧಿಯ ಪ್ರಕಾರ, ಮಾಹಿತಿಯೊಂದಕ್ಕೆ ರಹಸ್ಯವೆಂಬ ರಕ್ಷಣೆ ಸಿಗಬೇಕಾದರೆ ಅದರ ಒಡೆಯರು ಅದನ್ನು ಗುಟ್ಟಾಗಿಡಲು ತಕ್ಕ ಕ್ರಮಗಳನ್ನು ಕೈಗೊಂಡಿರಬೇಕು. ಕ್ಯಾಮೆರಾಗೆ ಅಂಟಿಸುವ ಸ್ಟಿಕ್ಕರ್, ತಮಗೆ ಬಂದ ಒಂದು ಸಾಲಿನ ಉತ್ತರ, ಇವೆಲ್ಲ ನಾಳೆ ನ್ಯಾಯಾಲಯದ ಮುಂದೆ ಆ ಕ್ರಮಗಳ ಸಾಕ್ಷಿಗಳಾಗುತ್ತವೆ. ನಿರಪಾಯಕಾರಿ ಎನಿಸುವ ಮಾಹಿತಿಯನ್ನೂ ಕಂಪನಿಗಳು ಬಿಟ್ಟುಕೊಡದಿರುವುದಕ್ಕೆ ವಕೀಲರ ಈ ಎಚ್ಚರಿಕೆಯೂ ಒಂದು ಕಾರಣ.

ಆದರೆ ಈ ಉದ್ಯಮ ಹುಟ್ಟುತ್ತಲೇ ಹೀಗಿರಲಿಲ್ಲ. 1975ರ ಆಲ್ಟೇರ್ 8800 ಯಂತ್ರವನ್ನು ಬಹುಮಂದಿ ಬಿಡಿಭಾಗಗಳ ಕಿಟ್ ಆಗಿ ಕೊಂಡು ತಾವೇ ಬೆಸೆದು ಜೋಡಿಸಿದರು. ಅಂದು ಜೋಡಣೆಯ ವಿವರವೇ ಮಾರಾಟದ ಸರಕಾಗಿತ್ತು. 1981ರಲ್ಲಿ ಐಬಿಎಂ ತನ್ನ ಪಿಸಿಯ ತಾಂತ್ರಿಕ ಕೈಪಿಡಿಯಲ್ಲಿ ಸರ್ಕ್ಯೂಟ್ ನಕ್ಷೆಗಳನ್ನೂ, ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯೋಸ್‌ನ ಕೋಡಿನ ಪೂರ್ತಿ ಪಟ್ಟಿಯನ್ನೂ ಅಚ್ಚು ಹಾಕಿ ಮಾರಿತು. ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಸಿಗುವಂಥವೇ ಆಗಿದ್ದವು. ಬಯೋಸ್ ಮೇಲೆ ಮಾತ್ರ ಕೃತಿಸ್ವಾಮ್ಯವಿತ್ತು. ಐಬಿಎಂ ಪಿಸಿಗೆ ಹೊಂದುವ ಯಂತ್ರ ತಯಾರಿಸಲು ಹೊರಟ ಕಾಂಪ್ಯಾಕ್ ಕಂಪನಿ ಅದನ್ನು ನಕಲು ಮಾಡಲಿಲ್ಲ. ಬಯೋಸ್ ಏನೇನು ಮಾಡಬೇಕೆಂದು ಒಂದು ತಂಡ ವಿವರಣೆ ಬರೆಯಿತು, ಮೂಲ ಕೋಡನ್ನು ಎಂದೂ ಕಂಡಿರದ ಇನ್ನೊಂದು ತಂಡ ಆ ವಿವರಣೆಯನ್ನಷ್ಟೇ ಓದಿ ಹೊಸದಾಗಿ ಕೋಡ್ ಬರೆಯಿತು. ಐಬಿಎಂ ಕೈಪಿಡಿಯನ್ನು ಓದಿದ್ದವರು ಈ ಎರಡನೆಯ ತಂಡಕ್ಕೆ ಸೇರುವಂತಿರಲಿಲ್ಲ ಎಂಬುದನ್ನು ನೆನೆದರೆ, ಪ್ರಕಟಣೆಯೂ ಒಂದು ಬಗೆಯ ಬೇಲಿಯಾಗಬಲ್ಲದು ಎಂದು ಕಾಣುತ್ತದೆ. 1983ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ ಪೋರ್ಟಬಲ್ ಅದೇ ವರ್ಷ ಕಂಪನಿಗೆ 11 ಕೋಟಿ ಡಾಲರ್‌ಗೂ ಮಿಕ್ಕಿದ ವಹಿವಾಟು ತಂದಿತು. 1987ರಲ್ಲಿ ಐಬಿಎಂ ಪಿಎಸ್/2 ಯಂತ್ರಗಳೊಂದಿಗೆ, ಹೆಚ್ಚುವರಿ ಕಾರ್ಡುಗಳನ್ನು ಸಿಕ್ಕಿಸುವ, ಪರವಾನಗಿಯಿಲ್ಲದೆ ಬಳಸಲಾಗದ ಮೈಕ್ರೋ ಚಾನೆಲ್ ತಂತ್ರವನ್ನು ತಂದಾಗ ಕಾಲ ಮೀರಿತ್ತು. ಎಲ್ಲರೂ ಕೂಡಿ ಬೆಳೆಸಿದ ಪಿಸಿ ಮಾರುಕಟ್ಟೆ ಐಬಿಎಂ ಹಿಡಿತದಿಂದ ಜಾರಿಹೋಗಿತ್ತು. ಬಾಗಿಲು ತೆರೆದಿಟ್ಟವರಿಗೆ ಏನಾಯಿತು ಎಂದು ಇಂದಿನ ತಯಾರಕರು ಈ ಪ್ರಸಂಗವನ್ನು ತೋರಿಸುತ್ತಾರೆ. ನನಗೆ ಮಾತ್ರ ಅದೇ ಪ್ರಸಂಗದ ಇನ್ನೊಂದು ಮುಖ ದೊಡ್ಡದಾಗಿ ಕಾಣುತ್ತದೆ: ಆ ಬಾಗಿಲು ತೆರೆದಿದ್ದರಿಂದಲೇ ಕಂಪ್ಯೂಟರ್ ಇಷ್ಟು ಜನರ ಕೈಗೆಟುಕಿತು.

ಕುತೂಹಲಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಓವನ್ನಿನ ಹದ ಕಾರ್ಖಾನೆಯ ಸ್ವತ್ತು ಎಂಬುದನ್ನು ಒಪ್ಪುತ್ತೇನೆ. ಅದು ನನಗೆ ಬೇಕಾಗಿಯೂ ಇಲ್ಲ. ಆದರೆ ನನ್ನ ಕೈಯಲ್ಲಿರುವ ಬೋರ್ಡಿನ ಸರ್ಕ್ಯೂಟ್ ನಕ್ಷೆಯನ್ನೂ ಕೊಡುವುದಿಲ್ಲವಲ್ಲ? ಅದೂ ಇದೇ ತರ್ಕಕ್ಕೆ ಸೇರುತ್ತದೆಯೇ?

ಉತ್ತರ: ದುರಸ್ತಿ ಮೇಜು

ಸೇರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಎರಡನ್ನೂ ಒಂದೇ ಗೌಪ್ಯತೆಯ ಚೀಲಕ್ಕೆ ಹಾಕಿರುವುದರಿಂದಲೇ ಚರ್ಚೆ ಗೋಜಲಾಗಿದೆ. ಬೋರ್ಡನ್ನು ಹೇಗೆ ಮಾಡಿದರು ಎಂಬುದು ಒಂದು ಮಾಹಿತಿ, ಬೋರ್ಡು ಏನು ಎಂಬುದು ಇನ್ನೊಂದು ಮಾಹಿತಿ. ಮೊದಲನೆಯದು ತಯಾರಕರದ್ದು. ಎರಡನೆಯದನ್ನು ನಾವು ಹಣ ಕೊಟ್ಟು ಮನೆಗೆ ತಂದಿರುತ್ತೇವೆ.

ನಾನು ಚಿಪ್ ಮಟ್ಟದ ದುರಸ್ತಿ ಮಾಡುವವನು. ಈಚೆಗೆ ಆನ್ ಆಗದ ಬೋರ್ಡೊಂದು ಬಂತು. ಚಾರ್ಜರ್ ಹಾಕಿದರೆ ಕರೆಂಟ್ ಒಂದು ಕ್ಷಣ ಏರಿ ಬೀಳುತ್ತಿತ್ತು. ಮಲ್ಟಿಮೀಟರಿನಿಂದ ನೋಡಿದಾಗ 3.3 ವೋಲ್ಟಿನ ಒಂದು ಲೈನ್ ಗ್ರೌಂಡಿಗೆ ಶಾರ್ಟ್ ಆಗಿತ್ತು. ಆ ಲೈನಿನ ಮೇಲೆ ಬೋರ್ಡಿನ ಎರಡೂ ಬದಿಗಳಲ್ಲಿ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಹತ್ತಾರು ಕೆಪಾಸಿಟರುಗಳಿರುತ್ತವೆ. ನಕ್ಷೆ ಮತ್ತು ಯಾವ ಭಾಗ ಬೋರ್ಡಿನಲ್ಲಿ ಎಲ್ಲಿದೆ ಎಂದು ತೋರಿಸುವ ಬೋರ್ಡ್‌ವ್ಯೂ ಕಡತ ಇದ್ದಿದ್ದರೆ ಯಾವ್ಯಾವುದು ಆ ಲೈನಿಗೆ ಸೇರಿದ್ದು ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಅವು ಇಲ್ಲದ ಕಾರಣ ಆ ಲೈನಿಗೆ ಕಡಿಮೆ ವೋಲ್ಟೇಜ್ ಕೊಟ್ಟು, ಬೋರ್ಡಿನ ಮೇಲೆ ಆಲ್ಕೋಹಾಲ್ ಸವರಿ, ಶಾರ್ಟ್ ಆದ ಭಾಗ ಬಿಸಿಯಾಗುವುದರಿಂದ ಅದು ಎಲ್ಲಿ ಮೊದಲು ಆರುತ್ತದೆ ಎಂದು ಕಣ್ಣಿಟ್ಟು ನೋಡುತ್ತಾ ಕೂತೆ. ಸಂಜೆಯ ವೇಳೆಗೆ, ಒಂದು ಚಿಪ್‌ನ ಅಂಚಿನಲ್ಲಿ ಅಡಗಿದ್ದ ಕೆಪಾಸಿಟರ್ ಸಿಕ್ಕಿತು. ಅದನ್ನು ತೆಗೆದೊಡನೆ ಯಂತ್ರ ಎದ್ದಿತು. ಅಷ್ಟು ಚಿಕ್ಕ ಭಾಗಕ್ಕಾಗಿ ಇಡೀ ಬೋರ್ಡನ್ನೇ ಬದಲಿಸಬೇಕೆಂದು ಅದರ ಒಡತಿಗೆ ಸೇವಾ ಕೇಂದ್ರದವರು ಹೇಳಿದ್ದರು.

ನಕ್ಷೆ ಕೊಟ್ಟರೆ ಸ್ಪರ್ಧಿಗಳು ನಕಲು ಮಾಡುತ್ತಾರೆ ಎಂಬ ವಾದವನ್ನು ನಾನು ಒಪ್ಪಲಾರೆ. ಸ್ಪರ್ಧಿ ಕಂಪನಿಯೊಂದು ಮಾರುಕಟ್ಟೆಯಿಂದ ಬೋರ್ಡು ಕೊಂಡು, ಪದರ ಪದರವಾಗಿ ಉಜ್ಜಿ, ಎಕ್ಸ್-ರೇ ಹಿಡಿದು ತನಗೆ ಬೇಕಾದ ನಕ್ಷೆಯನ್ನು ತಾನೇ ಬರೆದುಕೊಳ್ಳಬಲ್ಲದು. ನ್ಯಾಯವಾಗಿ ಕೊಂಡ ವಸ್ತುವನ್ನು ಬಿಚ್ಚಿ ನೋಡಿ ಕಲಿಯುವುದು ರಹಸ್ಯದ ಕಳವಲ್ಲ ಎಂಬುದನ್ನು ವ್ಯಾಪಾರ ರಹಸ್ಯಗಳ ಕುರಿತ ಐರೋಪ್ಯ ಒಕ್ಕೂಟದ 2016ರ ನಿರ್ದೇಶನವೂ ಅದೇ ವರ್ಷದ ಅಮೆರಿಕದ ಕಾಯ್ದೆಯೂ ಒಪ್ಪುತ್ತವೆ. ಅಷ್ಟು ಖರ್ಚು ಮಾಡಲಾಗದೆ ಹೊರಗುಳಿಯುವವರು ನನ್ನಂಥ ದುರಸ್ತಿಗಾರರು ಮತ್ತು ತಮ್ಮಂಥ ಕಲಿಯುವವರು ಮಾತ್ರ. ಎಂಎನ್‌ಟಿ ರಿಫಾರ್ಮ್ ಎಂಬ ಲ್ಯಾಪ್‌ಟಾಪಿನ ತಯಾರಕರು ಸರ್ಕ್ಯೂಟ್ ನಕ್ಷೆಯಿಂದ ಬೋರ್ಡಿನ ವಿನ್ಯಾಸದ ಕಡತಗಳವರೆಗೆ ಎಲ್ಲವನ್ನೂ ಪ್ರಕಟಿಸಿಯೂ ವ್ಯಾಪಾರ ನಡೆಸುತ್ತಿದ್ದಾರೆ. ಅದು ಸಣ್ಣ ಕಂಪನಿ, ನಿಜ; ಆದರೂ ಅಸಾಧ್ಯ ಎನ್ನುವವರಿಗೆ ಅದನ್ನೇ ತೋರಿಸುತ್ತೇನೆ.

ಗೌಪ್ಯತೆಯಿಂದ ಬಳಕೆದಾರರಿಗೆ ಆಗುವ ಕೇಡಿಗೆ 2008ರ ಒಂದು ಉದಾಹರಣೆ ಸಾಕು. ಎನ್ವಿಡಿಯಾದ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳು, ಚಿಪ್ಪನ್ನು ಅದರ ಕವಚದಲ್ಲಿ ಕೂರಿಸುವ ಹಂತದಲ್ಲಿ (ಪ್ಯಾಕೇಜಿಂಗ್) ಬಳಸಿದ ಸಾಮಗ್ರಿ ದುರ್ಬಲವಾಗಿದ್ದರಿಂದ, ಬಿಸಿಯಾಗಿ ತಣ್ಣಗಾಗುತ್ತಾ ಸೋಲತೊಡಗಿದವು. ಕಂಪನಿ ಅದಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಘೋಷಿಸಿತು. ಯಾವ ಚಿಪ್‌ನಲ್ಲಿ ಯಾವ ಸಾಮಗ್ರಿ ಇದೆ ಎಂದು ತಿಳಿಯುವ ದಾರಿ ಕೊಂಡವರಿಗೆ ಇರಲಿಲ್ಲ. ಪರದೆ ಕಪ್ಪಾದ ಮೇಲೆಯೇ ಅವರಿಗೆ ಗೊತ್ತಾಗುತ್ತಿತ್ತು.

ಉತ್ತರ: ದುಡಿಮೆಯ ಪಕ್ಷ

ಎಲ್ಲರೂ ಯಂತ್ರದ ಮಾತನ್ನೇ ಆಡಿದ್ದೀರಿ, ಯಂತ್ರದ ಪಕ್ಕದಲ್ಲಿ ನಿಂತವರ ಮಾತು ಬರಲಿಲ್ಲ. ಬೋರ್ಡಿನ ಮೇಲೆ ಬಿಡಿಭಾಗ ಕೂರಿಸುವುದು ಯಂತ್ರವೇ ಆದರೂ, ಕೇಬಲ್ ಸಿಕ್ಕಿಸುವುದು, ಸ್ಕ್ರೂ ಬಿಗಿಯುವುದು, ಪರದೆ ಒರೆಸುವುದು, ಪೆಟ್ಟಿಗೆಗೆ ತುಂಬುವುದು ಇಂದಿಗೂ ಬಹುಮಟ್ಟಿಗೆ ಮನುಷ್ಯರ ಕೈಕೆಲಸ. 2010ರಲ್ಲಿ ಚೀನಾದ ಶೆನ್‌ಜೆನ್‌ನಲ್ಲಿರುವ ಫಾಕ್ಸ್‌ಕಾನ್ ಕಾರ್ಖಾನೆಯ ಕಾರ್ಮಿಕರ ಸಾಲು ಸಾಲು ಆತ್ಮಹತ್ಯೆಗಳು ಸುದ್ದಿಯಾಗುವವರೆಗೆ, ತಮ್ಮ ಕಂಪ್ಯೂಟರನ್ನು ಯಾರ ಕೈಗಳು ಜೋಡಿಸುತ್ತವೆ ಎಂದು ಬಹುತೇಕ ಗ್ರಾಹಕರು ಯೋಚಿಸಿರಲೇ ಇಲ್ಲ. ಸ್ಪರ್ಶ ಪರದೆಗಳನ್ನು ಒರೆಸಲು ಎನ್-ಹೆಕ್ಸೇನ್ ಎಂಬ ದ್ರಾವಕವನ್ನು ಬಳಸಿ ನರಗಳಿಗೆ ಹಾನಿ ಮಾಡಿಕೊಂಡ ಸುಝೌ ನಗರದ ಕಾರ್ಮಿಕರ ಸಂಖ್ಯೆ 137 ಎಂದು ಆಪಲ್ 2011ರ ತನ್ನ ವರದಿಯಲ್ಲಿ ತಾನೇ ಒಪ್ಪಿಕೊಂಡಿತು. ಮರುವರ್ಷದ ಜನವರಿಯಲ್ಲಿ ಅದು ಮೊದಲ ಬಾರಿಗೆ ತನ್ನ ಪ್ರಮುಖ ಪೂರೈಕೆದಾರರ ಪಟ್ಟಿಯನ್ನು ಪ್ರಕಟಿಸಿತು. ಅಲ್ಲಿಯವರೆಗೆ ಆ ಹೆಸರುಗಳೂ ವ್ಯಾಪಾರದ ಗುಟ್ಟುಗಳೇ ಆಗಿದ್ದವು. ಪ್ರಕಟವಾದ ಮೇಲೆ ಕಂಪನಿಯೇನೂ ಮುಳುಗಲಿಲ್ಲ.

ಹದದ ಅಂಕಿ ಗುಟ್ಟಾಗಿರಲಿ, ನನಗೆ ತಕರಾರಿಲ್ಲ. ಆದರೆ ಯಾವ ದ್ರಾವಕ ಬಳಸುತ್ತೀರಿ, ಎಷ್ಟು ಗಂಟೆ ದುಡಿಸುತ್ತೀರಿ ಎಂಬ ಪ್ರಶ್ನೆಗೂ ಅದೇ ಸ್ಟಿಕ್ಕರ್ ಅಂಟಿಸುವುದನ್ನು ಒಪ್ಪಲಾಗದು.

ಲೈನ್ ಇಂಜಿನಿಯರ್

ದುಡಿಮೆಯ ಪಕ್ಷ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಲೈನಿನಲ್ಲಿ ಎಂಟು ಹತ್ತು ಗಂಟೆ ನಿಂತವರ ಜೊತೆ ಕೆಲಸ ಮಾಡಿದ ನಾನು ಅದನ್ನು ಮೊದಲ ಉತ್ತರದಲ್ಲೇ ಬರೆಯಬೇಕಾಗಿತ್ತು.

ದುರಸ್ತಿ ಮೇಜು ಅವರ ಮಾತಿಗೆ ಒಂದು ತಿದ್ದುಪಡಿ. ಜೋಡಣೆಯ ಒಂದು ಹಂತವನ್ನು ಬಳಕೆದಾರರ ಹಿತಕ್ಕಾಗಿಯೇ ಮುಚ್ಚಿಡಬೇಕಾಗುತ್ತದೆ. ಯಂತ್ರ ಆನ್ ಆಗುವಾಗ ಅದರೊಳಗಿನ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಅಸಲಿಯೇ ಎಂದು ಪರೀಕ್ಷಿಸಲು ತಯಾರಕರ ಡಿಜಿಟಲ್ ಕೀಲಿಯ ಗುರುತನ್ನು ಚಿಪ್‌ನೊಳಗಿನ ಫ್ಯೂಸುಗಳಲ್ಲಿ ಬರೆಯುತ್ತಾರೆ. ಒಮ್ಮೆ ಬರೆದರೆ ಬದಲಿಸಲಾಗದು. ಆ ಗುರುತಿಗೆ ಜೋಡಿಯಾದ ಖಾಸಗಿ ಕೀಲಿ ಸೋರಿದರೆ ಕೇಡಿಗರ ಫರ್ಮ್‌ವೇರ್ ಕೂಡ ಅಸಲಿಯಂತೆ ನಡೆಯುತ್ತದೆ, ಮತ್ತು ಮಾರಾಟವಾಗಿಹೋದ ಯಂತ್ರಗಳಲ್ಲಿ ಅದಕ್ಕೆ ಸುಲಭದ ಪರಿಹಾರವಿಲ್ಲ. 2023ರಲ್ಲಿ ಕಂಪ್ಯೂಟರ್ ತಯಾರಕರಾದ ಎಂಎಸ್‌ಐ ಕಂಪನಿಯಿಂದ ಕಳವಾದ ಕಡತಗಳಲ್ಲಿ ಇಂಥ ಕೀಲಿಗಳು ಸಿಕ್ಕಾಗ ಆದದ್ದು ಇದೇ.

ದುರಸ್ತಿ ಮೇಜು

ಕೀಲಿಯ ವಿಷಯದಲ್ಲಿ ತಾವು ಹೇಳಿದ್ದು ಸರಿ, ತಿದ್ದುಪಡಿಯನ್ನು ಒಪ್ಪುತ್ತೇನೆ. ನಾನು ಕೇಳುವುದು ಕೀಲಿಯನ್ನಲ್ಲ, ನಕ್ಷೆಯನ್ನು.

ಕುತೂಹಲಿ ಅವರೇ, ತಾವು ಮತ್ತೆ ಪತ್ರ ಬರೆಯುವುದಾದರೆ ಜೋಡಣೆಯ ವಿಧಾನವನ್ನು ಕೇಳಬೇಡಿ. ತಮ್ಮ ಮಾದರಿಯ ಹೆಸರು ಹಾಕಿ ಹಾರ್ಡ್‌ವೇರ್ ನಿರ್ವಹಣಾ ಕೈಪಿಡಿಯನ್ನು ಕೇಳಿ. ಲೆನೊವೊ, ಡೆಲ್ ಮೊದಲಾದವರು ಅದನ್ನು ತಮ್ಮ ಜಾಲತಾಣದಲ್ಲೇ ಇಟ್ಟಿದ್ದಾರೆ. ಅದರಲ್ಲಿ ಬಿಚ್ಚುವ ಮತ್ತು ಜೋಡಿಸುವ ಕ್ರಮ, ಯಾವ ಸ್ಕ್ರೂ ಎಲ್ಲಿಗೆ ಎಂಬ ವಿವರ ಸಿಗುತ್ತದೆ, ಸರ್ಕ್ಯೂಟ್ ನಕ್ಷೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾಯ್ದೆ, 100 ಡಾಲರ್ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಉಪಕರಣಗಳ ದುರಸ್ತಿಗೆ ಬೇಕಾದ ದಾಖಲೆ, ಬಿಡಿಭಾಗ, ಸಲಕರಣೆಗಳನ್ನು ಏಳು ವರ್ಷ ಒದಗಿಸಬೇಕೆಂದು ತಯಾರಕರಿಗೆ ವಿಧಿಸಿದೆ. ಇಂಥ ನಿಯಮವಿರುವ ಕಡೆಗಳಲ್ಲಿ ಕೇಳುವ ದನಿಗೆ ಬಲ ಹೆಚ್ಚು. ಅಲ್ಲಿಯವರೆಗೆ ತಮ್ಮ ಆ ಬೋರ್ಡನ್ನು ಎಸೆಯಬೇಡಿ. ಎರಡೂ ಬದಿಗಳ ಸ್ಪಷ್ಟವಾದ ಚಿತ್ರಗಳನ್ನು ಹಾಕಿ, ಚಾರ್ಜರ್ ಜ್ಯಾಕಿನ ಹತ್ತಿರದಿಂದ ಶುರುಮಾಡೋಣ.